ಆಟಿಯ ಮಳೆ ಮತ್ತು ಹಳೆಯ ಕಂಪ್ಯೂಟರ್

ಬದಿಯಡ್ಕದಲ್ಲಿ ಮೂರು ದಿನಗಳಿಂದ ಬಿಡದೆ ಸುರಿಯುತ್ತಿರುವ ಆಟಿ ತಿಂಗಳ (ತುಳುವರ ಮಳೆಗಾಲದ ತಿಂಗಳು) ಮಳೆಯಲ್ಲಿ ತೋಟಕ್ಕೆ ಇಳಿಯುವಂತಿಲ್ಲವಾದ್ದರಿಂದ, ಅಟ್ಟದಲ್ಲಿದ್ದ ಹಳೆಯ ಕಂಪ್ಯೂಟರನ್ನು ಕೆಳಗಿಳಿಸಿ, ರ‍್ಯಾಮ್‌ನ (ಮೆಮೊರಿ ಪಟ್ಟಿಯ) ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ನಾಲ್ಕನೆಯ ಸಲಕ್ಕೆ ಅದು ಬೀಪ್ ಬೀಪ್ ಎಂದು ಕೂಗುವುದನ್ನು ನಿಲ್ಲಿಸಿ ಎದ್ದಿತು.

ಹೊಸ ಆಟಗಳ ಎರಡು ಡೆಮೊಗಳನ್ನು ಹಾಕಿ ನೋಡಿದರೆ ಒಂದು ಆರಂಭದ ಚಿತ್ರದಲ್ಲೇ ಸ್ತಬ್ಧವಾಯಿತು, ಇನ್ನೊಂದು ಹತ್ತು ನಿಮಿಷ ಓಡಿ ಪರದೆಯನ್ನು ನೀಲಿಯಾಗಿಸಿತು. ಕೊನೆಗೆ ಕೈಹಿಡಿದದ್ದು 1993ರ ‘ಡೂಮ್’. ಅದರ ಮೊದಲ ಅಧ್ಯಾಯದ ಒಂಬತ್ತು ಹಂತಗಳನ್ನು ತಯಾರಕರು ಅಂದೇ ಉಚಿತವಾಗಿ ಹಂಚಿದ್ದರು. ಆದರೆ ಆ ಉಚಿತ ಭಾಗದ ಮೇಲೆ ಅಭಿಮಾನಿಗಳು ತಾವೇ ಕಟ್ಟಿದ ಮಾರ್ಪಾಡುಗಳಾದ ಮಾಡ್‌ಗಳನ್ನು ಓಡಿಸಲು ಆಟ ಒಪ್ಪುವುದಿಲ್ಲ, ಅದಕ್ಕೆ ಪೂರ್ಣ ಆವೃತ್ತಿಯೇ ಬೇಕು. ನಕ್ಷೆ, ಚಿತ್ರ, ಸದ್ದುಗಳನ್ನೆಲ್ಲ ಮೂಲ ಪ್ರೋಗ್ರಾಮಿನಿಂದ ಬೇರ್ಪಡಿಸಿ ‘ವ್ಯಾಡ್’ ಎಂಬ ಕಡತದಲ್ಲಿ ಇಟ್ಟಿದ್ದರಿಂದ ಹೊಸ ಹಂತಗಳನ್ನು ಕಟ್ಟುವುದು ಸುಲಭವಾಯಿತು, 1997ರಲ್ಲಿ ಸೋರ್ಸ್ ಕೋಡ್ (ಪ್ರೋಗ್ರಾಮಿನ ಮೂಲ ಬರಹ) ಕೂಡ ಹೊರಬಂದ ಮೇಲಂತೂ ಆ ಕೆಲಸ ನಿಂತೇ ಇಲ್ಲ.

ಪ್ರಸಂಗದ ಪದ್ಯ ಅದೇ ಇದ್ದರೂ ನಮ್ಮ ತಾಳಮದ್ದಳೆಯ ಅರ್ಥಧಾರಿ ಪ್ರತಿ ರಾತ್ರಿ ಹೊಸ ಮಾತು ಕಟ್ಟುತ್ತಾನಲ್ಲ, ಯಾರೋ ಸಂಬಳವಿಲ್ಲದೆ ಮಾಡಿದ ಒಂದು ಮಾಡ್‌ನ ಗುಟ್ಟಿನ ಕೋಣೆಯೊಳಗೆ ನಿಂತಾಗ ನನಗೆ ಅದೇ ನೆನಪಾಯಿತು. (ಅರ್ಥಧಾರಿಗಳು ಈ ಹೋಲಿಕೆಯನ್ನು ಮನ್ನಿಸಬೇಕು.) ಕೋಣೆಯಿಂದ ಹೊರಬರುವ ದಾರಿ ಸಿಗುವಷ್ಟರಲ್ಲಿ ಎಲ್ಲಿಯೋ ತಂತಿಯ ಮೇಲೆ ಕಂಗು (ಅಡಿಕೆ ಮರ) ಬಿದ್ದಿರಬೇಕು, ಕರೆಂಟು ಹೋಯಿತು, ಆಟವನ್ನು ಸೇವ್ ಮಾಡಿರಲಿಲ್ಲ.