ಕೈ ತಾಕಿದ ಮೇಲೆ

ತಿ. ನರಸೀಪುರದಲ್ಲಿ ನನ್ನ ಸೋದರಮಾವನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಎಂಟನೇ ಕ್ಲಾಸಿನಿಂದ ಡಿಪ್ಲೊಮಾ ಮುಗಿಯುವವರೆಗೆ ನನ್ನ ಬೇಸಿಗೆ ರಜೆಗಳೆಲ್ಲ ಅಲ್ಲೇ ಕಳೆದವು. ಮೊದಲ ವರ್ಷ ಕಾಯಿಲ್ ಕೂರುವ ಸ್ಲಾಟಿಗೆ ಹಾಕುವ ಪೇಪರ್ ಕತ್ತರಿಸುವುದು, ಸುಟ್ಟ ತಂತಿ ಕಿತ್ತು ತೂಕ ಹಾಕುವುದು. ಮರುವರ್ಷ ಕಾಯಿಲ್ ಸುತ್ತುವ ಕೆಲಸ ಕೈಗೆ ಬಂತು.

ರೈತರು ತಂದ ಪಂಪ್ ಮೋಟಾರ್ ಬಿಚ್ಚಿದ ಕೂಡಲೇ ಮಾವ ಕಾರಣ ಹೇಳುತ್ತಿದ್ದರು. ಎರಡು ಫೇಸಿನ ಕಾಯಿಲ್ ಕಪ್ಪಾಗಿ ಮೂರನೆಯದು ಹೊಸದರ ಹಾಗೆ ಹೊಳೆಯುತ್ತಿದ್ದರೆ, ಲೈನಿನಲ್ಲಿ ಒಂದು ಫೇಸ್ ಹೋದ ಮೇಲೂ ಮೋಟಾರ್ ಓಡಿದೆ ಎಂದರ್ಥ. ಮೂರೂ ಫೇಸಿನ ಕಾಯಿಲ್ಲಿನ ಒಂದೊಂದು ತುದಿ ಒಂದೇ ಕಡೆ ಸೇರುವ ಸ್ಟಾರ್ ಕನೆಕ್ಷನ್ನಿನಲ್ಲಿ ಉಳಿದೆರಡೇ ಭಾರವೆಲ್ಲ ಹೊತ್ತು ಸುಡುತ್ತವೆ. ಇದನ್ನು ಕಾಲೇಜಿನಲ್ಲಿ ಓದುವ ಎಷ್ಟೋ ಮೊದಲೇ ನಾನು ಮೂಗಿನಿಂದ ಕಲಿತಿದ್ದೆ. ಸುಟ್ಟ ವಾರ್ನಿಷಿನ ವಾಸನೆ ಈಗಲೂ ದೂರದಿಂದಲೇ ಗೊತ್ತಾಗುತ್ತದೆ.

ಒಂದು ಮಧ್ಯಾಹ್ನ ಕಾಯಿಲ್ ಸುತ್ತುತ್ತಿದ್ದಾಗ ಯಾರೋ ಮಾತಾಡಿಸಿದರು. 46 ಆಯಿತೋ 47 ಆಯಿತೋ ತಿಳಿಯಲಿಲ್ಲ. “ಒಂದು ಸುತ್ತಿಗೆ ಏನಾಗುತ್ತೆ ಮಾವ?” ಅಂದೆ.

“ಗೊತ್ತಿಲ್ಲ ಅಂದ್ಮೇಲೆ ಬಿಚ್ಬುಡು ಕಣವ್ವ. ಮೊದಲಿಂದ ಸುತ್ತು.”

ಬಿಚ್ಚಿದೆ. ಕೋಪ ಬಂದಿತ್ತು, ಆದರೂ ಬಿಚ್ಚಿದೆ.

ಶಾಲೆಯಲ್ಲಿ ನಾನು ಖೋ ಖೋ ಆಡುತ್ತಿದ್ದೆ. ಎಂಟು ಜನ ಒಬ್ಬರ ಬಿಟ್ಟು ಒಬ್ಬರು ಎದುರುಬದುರು ದಿಕ್ಕಿಗೆ ಕೂರುತ್ತಾರೆ, ಒಂಬತ್ತನೆಯವಳು ಅಟ್ಟುತ್ತಾಳೆ. ಬೆನ್ನಿಗೆ ಕೈ ತಾಕಬೇಕು, ಜೊತೆಗೇ ‘ಖೋ’ ಕೇಳಬೇಕು. ಅದಕ್ಕೆ ಮೊದಲು ಎದ್ದರೆ ಫೌಲ್. ತಾಲ್ಲೂಕು ಮಟ್ಟದ ಪಂದ್ಯದಲ್ಲಿ ನಾನು ಹಾಗೆ ಎದ್ದೆ. ಎದುರಾಳಿ ತಪ್ಪಿಸಿಕೊಂಡಳು, ನಾವು ಸೋತೆವು. ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು: “ಸದ್ದು ಕೇಳಿ ಎದ್ಯೋ, ಕೈ ತಾಕಿ ಎದ್ಯೋ?” ಸದ್ದು ಕೇಳಿ ಎದ್ದಿದ್ದೆ. ಕೂಗಿದ್ದು ಗೆರೆಯಾಚೆ ನಿಂತಿದ್ದ ಪಕ್ಕದ ಶಾಲೆಯ ಮಕ್ಕಳು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ ನಮ್ಮ ತಾಲ್ಲೂಕಿನ ಕುರುಬೂರಿನ ಚೈತ್ರಾ ಭಾರತ ತಂಡದಲ್ಲಿದ್ದರು. ಫೈನಲ್‌ನಲ್ಲಿ ನೇಪಾಳದ ಮೇಲೆ 78–40ರ ಗೆಲುವು. ಮನೆಯವರೆಲ್ಲ ಓಡುವವರನ್ನು ನೋಡುತ್ತಿದ್ದರೆ ನನ್ನ ಕಣ್ಣು ಕೂತವರ ಬೆನ್ನಿನ ಮೇಲಿತ್ತು.

ಈಗ ನಾನು 66/11 ಕೆ.ವಿ. ಸಬ್‌ಸ್ಟೇಷನ್ನಿನಲ್ಲಿ ಎಂಜಿನಿಯರ್. ಹೋದ ಏಪ್ರಿಲ್‌ನ ಒಂದು ಸಂಜೆ ಗಾಳಿಮಳೆಗೆ ಹಳ್ಳಿಗಳಿಗೆ ಕರೆಂಟ್ ಒಯ್ಯುವ 11 ಕೆ.ವಿ. ಫೀಡರ್ ಲೈನಿನ ಮೇಲೆ ಕೊಂಬೆ ಬಿತ್ತು. ಇನ್ನೊಂದು ಕಡೆ ಲೈನಿನ ತಂತಿಗಳನ್ನು ಕೂಡಿಸುವ ಜಂಪರ್ ಕಿತ್ತು ಒಂದು ಫೇಸ್ ಹೋಗಿತ್ತು. ಎರಡು ಗ್ಯಾಂಗಿನವರು ಬೇರೆ ಬೇರೆಯಾಗಿ ಲೈನ್ ಕ್ಲಿಯರ್, ಅಂದರೆ ಕರೆಂಟ್ ನಿಲ್ಲಿಸಿದ ಲೈನಿನಲ್ಲಿ ಕೆಲಸ ಮಾಡುವ ಅನುಮತಿ, ತೆಗೆದುಕೊಂಡರು. ನಮ್ಮ ಬಾಯಲ್ಲಿ ಅದು ಎಲ್‌ಸಿ. ತೆಗೆದುಕೊಂಡವರೇ ವಾಪಸ್ ಮಾಡಬೇಕು, ಆಮೇಲೇ ಚಾರ್ಜ್, ಅಂದರೆ ಲೈನಿಗೆ ಮತ್ತೆ ಕರೆಂಟ್. ರಾತ್ರಿ ಒಂಬತ್ತರ ಹೊತ್ತಿಗೆ ಒಂದು ಎಲ್‌ಸಿ ವಾಪಸ್ ಬಂತು. ಇನ್ನೊಬ್ಬರ ಫೋನ್ ಸಿಗಲಿಲ್ಲ.

“ಅವರದ್ದೂ ಮುಗೀತು ಮೇಡಂ, ಬೈಕ್ ಹೋಗಿದ್ದು ಕೇಳಿಸ್ತು,” ಅಂದರು ಆಪರೇಟರ್.

ಆ ಫೀಡರಿನ ರೈತರು ಒಬ್ಬರ ಹಿಂದೊಬ್ಬರು ಫೋನ್ ಮಾಡುತ್ತಿದ್ದರು. ಪಂಪ್‌ಸೆಟ್ಟಿಗೆ ಥ್ರೀ ಫೇಸ್ ಸಿಗುವುದೇ ದಿನಕ್ಕೆ ಕೆಲವು ತಾಸು. ಅದರಲ್ಲೂ ಮುಕ್ಕಾಲು ಗಂಟೆ ಹೋದರೆ ಅವರ ಹೊಟ್ಟೆ ಉರಿಯುವುದು ನ್ಯಾಯವೇ. ಅವರ ಮೋಟಾರುಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾಗದ ತುರುಕಿದವಳು ನಾನು. ಒಬ್ಬರು ತೀರಾ ಕೆಟ್ಟದಾಗಿ ಬೈದರು. ಕೇಳಿಸಿಕೊಂಡೆ. ಕೂತೇ ಇದ್ದೆ.

9:50ಕ್ಕೆ ಆ ಲೈನ್‌ಮನ್ ನೆನೆದುಕೊಂಡೇ ಬಂದರು. ಫೋನ್ ನೀರಿಗೆ ಬಿದ್ದಿತ್ತಂತೆ. ಕಂಬದಿಂದ ಎಲ್ಲರೂ ಇಳಿದು ಅರ್ಧ ಗಂಟೆಯೇ ಆಗಿತ್ತು. ಅಂದರೆ ಬೈಕಿನ ಸದ್ದು ನಂಬಿ ಚಾರ್ಜ್ ಮಾಡಿದ್ದರೂ ಆ ರಾತ್ರಿ ಏನೂ ಆಗುತ್ತಿರಲಿಲ್ಲ. ಅದು ಗೊತ್ತಾದದ್ದು ಮಾತ್ರ ಕಾದ ಮೇಲೆ.

“ಜನ ಎಲ್ಲ ಇಳಿದ್ರಾ ಅಣ್ಣ? ಅರ್ಥಿಂಗ್ ತೆಗೆದ್ರಾ?”

“ಎಲ್ಲಾ ತೆಗೆದಾಯ್ತು ಮೇಡಂ.”

ಎಲ್‌ಸಿ ಪುಸ್ತಕದಲ್ಲಿ ಸಮಯ ಬರೆದು ಅವರ ಕಡೆ ತಿರುಗಿಸಿದೆ. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಸಹಿ ಹಾಕಿದರು. ಆಪರೇಟರ್ ನನ್ನ ಮುಖ ನೋಡಿದರು. “ಹಾಕಿ,” ಅಂದೆ.