ಖಾಲಿ ಉಳಿದ ನಾಲ್ಕು ಮೀಟರ್

ಭೂವಿಜ್ಞಾನದ ಪ್ರಾರಂಭಿಕ ತರಗತಿಗೆ ಗುಂಪು ಪ್ರದರ್ಶನದ ಕೆಲಸ ಕೊಟ್ಟಾಗಲೆಲ್ಲ ಸಾಮಾನ್ಯವಾಗಿ ಒಂದೇ ರೀತಿ ನಡೆಯುತ್ತದೆ: ಅಕ್ಷರ ದುಂಡಗಿರುವವರು ಚಾರ್ಟ್ ಬರೆಯುತ್ತಾರೆ, ಮಾತು ಬಲ್ಲವರು ಎದುರಿಗೆ ನಿಂತು ವಿವರಿಸುತ್ತಾರೆ, ಉಳಿದವರು ಥರ್ಮೋಕೋಲ್ ಕತ್ತರಿಸಿ ತಮ್ಮ ಪಾಲು ಮುಗಿಯಿತೆಂದು ಹಿಂದೆ ಸರಿಯುತ್ತಾರೆ. ಆದ್ದರಿಂದ ಈ ಸಲ, ಗುಂಪಿನ ಯಾರನ್ನು ಬೇಕಾದರೂ ಯಾವ ಭಾಗದ ಬಗ್ಗೆ ಬೇಕಾದರೂ ಪ್ರಶ್ನಿಸುತ್ತೇನೆಂದೂ ಅರ್ಧ ಅಂಕ ಆ ಉತ್ತರಗಳಿಗೇ ಮೀಸಲೆಂದೂ ಮೊದಲೇ ತಿಳಿಸಿದ್ದೆ.

ಪ್ರದರ್ಶನದ ದಿನ ಹೆಚ್ಚು ಜನ ನೆರೆದದ್ದು, ನಿರೀಕ್ಷೆಯಂತೆ, ಜ್ವಾಲಾಮುಖಿಯ ಮಾದರಿಯ ಮುಂದೆ. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದೊಡನೆ ಕೆಂಪು ನೊರೆ ಉಕ್ಕುತ್ತಿತ್ತು. ಆದರೆ ಅದು ಆಮ್ಲವೂ ಪ್ರತ್ಯಾಮ್ಲವೂ ಸೇರಿದಾಗ ನಡೆಯುವ ರಾಸಾಯನಿಕ ಕ್ರಿಯೆ. ನಿಜವಾದ ಜ್ವಾಲಾಮುಖಿಯಲ್ಲಾದರೋ ಶಿಲಾಪಾಕ ಮೇಲೇರುತ್ತಿದ್ದಂತೆ ಅದರ ಮೇಲಿನ ಒತ್ತಡ ಕಡಿಮೆಯಾಗಿ, ಅದರಲ್ಲಿ ಕರಗಿದ್ದ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಗುಳ್ಳೆಗಳಾಗಿ ಬಿಡಿಸಿಕೊಂಡು ಸ್ಫೋಟಕ್ಕೆ ಕಾರಣವಾಗುತ್ತವೆ. ಈ ವ್ಯತ್ಯಾಸವನ್ನು ಕೇಳಿದಾಗ ಗುಂಪಿನವರು ಪರಸ್ಪರ ಮುಖ ನೋಡಿಕೊಂಡರು.

ಖನಿಜಗಳ ಮೇಜು ಇದಕ್ಕಿಂತ ಚೆನ್ನಾಗಿತ್ತು. ನೋಡಲು ಒಂದೇ ತೆರನಾದ ಕ್ಯಾಲ್ಸೈಟ್ ಮತ್ತು ಕ್ವಾರ್ಟ್ಜ್ ಚೂರುಗಳನ್ನಿಟ್ಟು, ಬಂದವರ ಕೈಯಿಂದಲೇ ಗಾಜಿನ ಮೇಲೆ ಗೀರಿಸುತ್ತಿದ್ದರು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಗುರುತಿಸುವ ಮೋಸ್ ಮಾಪಕದಲ್ಲಿ 7 ಇರುವ ಕ್ವಾರ್ಟ್ಜ್ ಗಾಜಿನ ಮೇಲೆ ಗೀರು ಮೂಡಿಸುತ್ತಿತ್ತು. 3 ಇರುವ ಕ್ಯಾಲ್ಸೈಟ್ ಜಾರುತ್ತಿತ್ತು.

ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಂಡದ್ದು ಗೋಡೆಯುದ್ದಕ್ಕೂ ಅಂಟಿಸಿದ್ದ ಕಾಗದದ ಪಟ್ಟಿ. ಒಂದು ಮಿಲಿಮೀಟರಿಗೆ ಹತ್ತು ಲಕ್ಷ ವರ್ಷವೆಂಬ ಲೆಕ್ಕದಲ್ಲಿ ಭೂಮಿಯ 460 ಕೋಟಿ ವರ್ಷಗಳು 4.6 ಮೀಟರ್ ಆಗಿದ್ದವು. ತಯಾರಿಯ ಹಂತದಲ್ಲಿ ಈ ಗುಂಪಿನಲ್ಲಿ ಜಗಳವೇ ಆಗಿತ್ತು. ಟ್ರೈಲೋಬೈಟ್ ಎಂಬ ಅಳಿದುಹೋದ ಕಡಲಜೀವಿ, ಮೀನು, ಡೈನೊಸಾರ್ ಹೀಗೆ ಬಣ್ಣದ ಚಿತ್ರಕ್ಕೆ ಒದಗುವ ಜೀವಿಗಳೆಲ್ಲ ಹೆಚ್ಚುಕಡಿಮೆ ಕೊನೆಯ 54 ಸೆಂಟಿಮೀಟರಿನೊಳಗೇ ಬರುತ್ತವೆ; ಅದಕ್ಕೂ ಹಿಂದಿನ ನಾಲ್ಕು ಮೀಟರಿನಲ್ಲಿ ಅತಿ ಹಳೆಯ ಶಿಲೆಗಳು, ಸುಮಾರು 350 ಕೋಟಿ ವರ್ಷಗಳ ಹಿಂದಿನ ಸೂಕ್ಷ್ಮಜೀವಿಗಳ ಕುರುಹು, 240 ಕೋಟಿ ವರ್ಷಗಳ ಹಿಂದೆ ವಾತಾವರಣದಲ್ಲಿ ಆಮ್ಲಜನಕ ಸೇರತೊಡಗಿದ್ದು, ಇಂಥ ಕೆಲವೇ ಗುರುತುಗಳು. ಚಂದ ಕಾಣಲೆಂದು ಚಿತ್ರಗಳನ್ನು ಪಟ್ಟಿಯ ತುಂಬ ಹರಡೋಣವೆಂದು ಒಬ್ಬ ಹಟ ಹಿಡಿದಾಗ, ಇನ್ನೊಬ್ಬಳು ಸ್ಕೇಲ್ ಹಿಡಿದು ಅಳೆದು, ಹಾಗೆ ಮಾಡಿದರೆ ಡೈನೊಸಾರ್‌ಗಳಿಗೆ ನೂರಾರು ಕೋಟಿ ವರ್ಷ ಹೆಚ್ಚು ವಯಸ್ಸಾಗುತ್ತದೆಂದು ತೋರಿಸಿದಳಂತೆ. ಕೊನೆಗೆ ಪಟ್ಟಿಯನ್ನು ಲೆಕ್ಕಕ್ಕೆ ಸರಿಯಾಗಿಯೇ ಉಳಿಸಿ, ಕೊನೆಯ ಭಾಗವನ್ನು ಮಾತ್ರ ಐದು ಪಟ್ಟು ಹಿಗ್ಗಿಸಿ ಕೆಳಗೆ ಬೇರೆ ಕಾಗದದಲ್ಲಿ, ಅದರದೇ ಅಳತೆಯನ್ನು ನಮೂದಿಸಿ ಅಂಟಿಸಿದ್ದರು. ಅಚ್ಚಾದ ಕಾಲಪಟ್ಟಿಗಳು ಸ್ಥಳ ಉಳಿಸಲು ಹಳೆಯ ಯುಗಗಳನ್ನು ಕುಗ್ಗಿಸಿಬಿಡುವುದರಿಂದ ಹೊಸಬರು ಅನುಪಾತವನ್ನೇ ತಪ್ಪು ತಿಳಿಯುತ್ತಾರೆ. ಈ ವಿದ್ಯಾರ್ಥಿಗಳ ಪರಿಹಾರ ಅವುಗಳಿಗಿಂತ ಪ್ರಾಮಾಣಿಕವಾದದ್ದೆಂದು ನನ್ನ ಅಭಿಪ್ರಾಯ.

ಡೈನೊಸಾರ್‌ಗಳ ಅಳಿವು ಪಟ್ಟಿಯ ಕೊನೆಯ, ಅಂದರೆ ಇಂದಿನ ಕಾಲದ, ಅಂಚಿನಿಂದ 6.6 ಸೆಂಟಿಮೀಟರ್ ದೂರದಲ್ಲಿತ್ತು. ಮೂರು ಲಕ್ಷ ವರ್ಷಗಳ ಮಾನವ ಕುಲಕ್ಕೆ ಸಿಕ್ಕಿದ್ದು 0.3 ಮಿಲಿಮೀಟರ್, ಪೆನ್ಸಿಲನ್ನು ಎಷ್ಟು ಚೂಪು ಮಾಡಿದರೂ ಗೆರೆಯೇ ಅದಕ್ಕಿಂತ ದಪ್ಪವಾಗಿ ಬಿದ್ದಿತ್ತು.

ಇಷ್ಟು ಜಾಗ ಖಾಲಿ ಏಕೆ ಎಂದು, ಬಹುಪಾಲು ಕತ್ತರಿ ಹಿಡಿದು ಕೆಲಸ ಮಾಡಿದ್ದ ಹುಡುಗನನ್ನು ಕೇಳಿದೆ. ಅಲ್ಲಿ ಏನೂ ನಡೆದಿಲ್ಲವೆಂದಲ್ಲ, ಆಗಿನ ಜೀವಿಗಳಿಗೆ ಚಿಪ್ಪಾಗಲಿ ಎಲುಬಾಗಲಿ ಇರಲಿಲ್ಲ, ಆ ಕಾಲದ ಶಿಲೆಗಳಲ್ಲೂ ಬಹಳಷ್ಟು ಸವೆದೋ ಕರಗಿಯೋ ರೂಪ ಬದಲಿಸಿಯೋ ಹೋಗಿವೆ ಎಂದು ಅವನು ತಡವರಿಸದೆ ಹೇಳಿದ. ಆ ಗುಂಪಿಗೆ ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟೆ.

ಜ್ವಾಲಾಮುಖಿಯವರು ತಕರಾರು ತೆಗೆದರು; ಜನ ಸೇರಿದ್ದು ತಮ್ಮ ಮೇಜಿನ ಮುಂದೆ ಎಂಬುದು ಅವರ ವಾದ. ಮಾದರಿಯನ್ನು ತಿದ್ದಿ ಮತ್ತೆ ತೋರಿಸಲು ಅವಕಾಶವಿದೆ ಎಂದಾಗ ಸ್ವಲ್ಪ ಹೊತ್ತು ಗುಸುಗುಸು ಮಾತಾಡಿಕೊಂಡು, ಕುಲುಕಿದ ಸೋಡಾ ಬಾಟಲಿಯ ಮುಚ್ಚಳ ತೆಗೆದು ತೋರಿಸಿದರೆ ಆಗುತ್ತದೆಯೇ ಎಂದು ಕೇಳಿದರು. ಆಗಬಹುದು, ಆದರೆ ಅಂಗಳದಲ್ಲಿ ಎಂದೆ.