ಬೊಲಿವಿಯಾ ಪುಟಕ್ಕೆ ನಾನು ಹಾಕಿದ ಬೀಗ

ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ವಿಶ್ವಕೋಶದಲ್ಲಿ, ದೇಶದ ಲೇಖನದಲ್ಲಿ ಜಗಳ ಎಲ್ಲಿ ಆಗುತ್ತದೆ ಅಂತ ಹೊಸಬರನ್ನು ಕೇಳಿದರೆ ಇತಿಹಾಸ, ಗಡಿ, ಯುದ್ಧ ಅಂತಾರೆ. ಆ ಭಾಗಕ್ಕೆ ಕೈ ಹಾಕುವವರೇ ಕಡಿಮೆ, ಓದಿಕೊಂಡು ಬರೆಯಬೇಕಲ್ಲ. ಇನ್ಫೋಬಾಕ್ಸ್, ಅಂದರೆ ರಾಜಧಾನಿ, ಜನಸಂಖ್ಯೆ ಎಲ್ಲ ಪಟ್ಟಿ ಮಾಡಿದ ಪಕ್ಕದ ಪೆಟ್ಟಿಗೆ, ಹಾಗಲ್ಲ. ಅಲ್ಲಿ ಒಂದು ಸಂಖ್ಯೆ ಬದಲಿಸೋಕೆ ಹತ್ತು ಸೆಕೆಂಡ್ ಸಾಕು. ಅದನ್ನು ಸರಿಮಾಡೋಕೆ ವಾರಗಟ್ಟಲೆ ಚರ್ಚೆ.

ನಾನು ಅಂಥ ಒಂದು ವಿಶ್ವಕೋಶದಲ್ಲಿ ನಿರ್ವಾಹಕ. ಅಂದರೆ ಯಾರೂ ತಿದ್ದದಂತೆ ಪುಟಕ್ಕೆ ಬೀಗ ಹಾಕುವ, ನಿಯಮ ಮೀರಿದವರನ್ನು ಬ್ಲಾಕ್ ಮಾಡುವ ಅಧಿಕಾರ ಇರುವವನು. ಸಂಬಳ ಇಲ್ಲ, ಬೈಗುಳಕ್ಕೆ ಬರ ಇಲ್ಲ. ನನ್ನ ವೀಕ್ಷಣಾಪಟ್ಟಿಯಲ್ಲಿ ದೇಶಗಳೇ ಜಾಸ್ತಿ, ಅದರಲ್ಲಿ ಬೊಲಿವಿಯಾ ಹೆಸರು ಕಂಡರೆ ಈಗಲೂ ಒಂಥರಾ ಮುಜುಗರ.

ಆ ಪುಟದ ಹಳೇ ಕಾಯಿಲೆ ರಾಜಧಾನಿ. 2009ರ ಸಂವಿಧಾನದ 6ನೇ ವಿಧಿ ಸುಕ್ರೆಯೇ ರಾಜಧಾನಿ ಎನ್ನುತ್ತದೆ, ಸುಪ್ರೀಂ ಕೋರ್ಟೂ ಅಲ್ಲೇ ಇದೆ. ಆದರೆ 1899ರ ಅಂತರ್ಯುದ್ಧದ ನಂತರ ಸರ್ಕಾರ, ಸಂಸತ್ತು ಎರಡೂ ಲಾ ಪಾಸ್‌ನಲ್ಲಿ. ಹಾಗಾಗಿ ಯಾರೋ ಬಂದು ಒಂದನ್ನು ಅಳಿಸಿ ಇನ್ನೊಂದು ಹಾಕುವುದು, ಬದಲಾವಣೆಯ ಸಾರಾಂಶದಲ್ಲಿ 'ಅಕ್ಷರ ತಪ್ಪು ತಿದ್ದಿದೆ' ಅಂತ ಬರೆದು ಜಾಗ ಖಾಲಿ ಮಾಡುವುದು. ಕೊನೆಗೆ ರಾಜಧಾನಿ ಒಂದು ಸಾಲು, ಸರ್ಕಾರದ ಕೇಂದ್ರ ಇನ್ನೊಂದು ಸಾಲು ಅಂತ ಬೇರೆ ಮಾಡಿ, ಅಡಿಟಿಪ್ಪಣಿ ಕೊಟ್ಟು, ಚರ್ಚೆ ಪುಟದಲ್ಲಿ ಒಮ್ಮತ ಮಾಡಿಸಿದ ಮೇಲೆ ತಣ್ಣಗಾಯಿತು. ಆ ಒಮ್ಮತದ ಪಠ್ಯ ಬರೆದವನು ನಾನೇ. ಇದನ್ನು ನೆನಪಿಟ್ಟುಕೊಳ್ಳಿ.

ಆಮೇಲೆ 2024ರ ಜನಗಣತಿ ಬಂತು. 2012ರ ಗಣತಿಯಲ್ಲಿ ಜನಸಂಖ್ಯೆ ಸುಮಾರು 1 ಕೋಟಿ ಇತ್ತು. ಅಲ್ಲಿಂದ ಲೆಕ್ಕ ಹಾಕಿದ ಅಂದಾಜುಗಳು 1.2 ಕೋಟಿ ದಾಟಿದ್ದವು, ಪೆಟ್ಟಿಗೆಯಲ್ಲೂ ಅದೇ ಕೂತಿತ್ತು. ಗಣತಿ ಹೇಳಿದ್ದು 1.13 ಕೋಟಿ. ಅಂದರೆ ದೇಶ ಇದ್ದಕ್ಕಿದ್ದಂತೆ ಚಿಕ್ಕದಾಯಿತು! ಒಬ್ಬರು ಗಣತಿಯ ಸಂಖ್ಯೆ ಹಾಕಿದರು. ಇನ್ನೊಬ್ಬರು ರಿವರ್ಟ್ ಮಾಡಿ, ಅಂದರೆ ಆ ಬದಲಾವಣೆ ರದ್ದು ಮಾಡಿ, ಅಂದಾಜನ್ನೇ ತಂದರು, ಇದು ಪ್ರಾಥಮಿಕ ವರದಿ, ಎಣಿಕೆಯಲ್ಲಿ ಬಿಟ್ಟುಹೋದವರಿದ್ದಾರೆ ಅಂತ. ಇಬ್ಬರೂ ಪ್ರಾಮಾಣಿಕರೇ. ಬೊಲಿವಿಯಾದಲ್ಲಿ ಸಂಸತ್ತಿನ ಸೀಟು, ಪ್ರಾಂತ್ಯಗಳಿಗೆ ಹೋಗುವ ದುಡ್ಡು ಎರಡೂ ಈ ಎಣಿಕೆಯ ಮೇಲೆ ನಿಂತಿವೆ. ಗಣತಿ ಮುಂದೂಡಬೇಡಿ ಅಂತ 2022ರಲ್ಲಿ ಸಾಂತಾ ಕ್ರೂಸ್‌ನಲ್ಲಿ 36 ದಿನ ಬಂದ್ ನಡೆದಿತ್ತು. ಅಷ್ಟು ಬಿಸಿ ಇರುವ ಸಂಖ್ಯೆ ನಮ್ಮ ಪೆಟ್ಟಿಗೆಗೆ ಬಂದಾಗ ಮಾತ್ರ ತಣ್ಣಗಿರುತ್ತದೆ ಅಂದುಕೊಂಡರೆ ಹೇಗೆ?

ಒಂದು ಪುಟದಲ್ಲಿ ಒಬ್ಬರಿಗೆ 24 ಗಂಟೆಯಲ್ಲಿ ಮೂರು ರಿವರ್ಟ್, ಅದು ಮಿತಿ. ಇಬ್ಬರೂ ಮೂರು ಮುಗಿಸಿದ್ದರು. ಪುಟದ ಇತಿಹಾಸ ರಿಫ್ರೆಶ್ ಮಾಡುತ್ತಾ ಕೂತಿದ್ದೆ. ಈಗ ಇಬ್ಬರಲ್ಲಿ ಯಾರು ಮತ್ತೆ ರಿವರ್ಟ್ ಮಾಡಿದರೂ ಬ್ಲಾಕ್ ಮಾಡಬೇಕು. ಇಬ್ಬರೂ ವರ್ಷಗಳಿಂದ ಬರೆಯುತ್ತಿರುವವರು, ಬ್ಲಾಕ್ ಮಾಡಿದರೆ ಮತ್ತೆ ಬರುವುದಿಲ್ಲ. ಮಧ್ಯೆ ಮೂರನೆಯವರು ಬಂದು ಕಾಗುಣಿತ ತಿದ್ದಿ ಹೋದರು, ಎದೆ ಧಸಕ್ ಅಂತು. ಅಷ್ಟರಲ್ಲಿ ಇನ್ನೂ ಒಂದು ಎಡಿಟ್, ಸಾರಾಂಶ: 'ಇಬ್ಬರದ್ದೂ ಸೇರಿಸಿದ್ದೇನೆ'. ಸದ್ಯ, ಯಾರೋ ರಾಜಿ ಮಾಡಿಸಿದರು ಅಂದುಕೊಂಡು, ಡಿಫ್ (ಏನು ಬದಲಾಗಿದೆ ಅಂತ ತೋರಿಸುವ ಪುಟ) ತೆರೆಯದೆ, ಪುಟಕ್ಕೆ ಬೀಗ ಹಾಕಿ ಎದ್ದುಬಿಟ್ಟೆ.

ರಾಜಿ ಅಂತ ನಾನು ಅಂದುಕೊಂಡಿದ್ದು, ಇಬ್ಬರು ಒಂದೇ ಹೊತ್ತಿಗೆ ತಿದ್ದಿದಾಗ ಬರುವ ಎಡಿಟ್ ಕಾನ್ಫ್ಲಿಕ್ಟ್ ಪರದೆಯ ಪ್ರಸಾದ. ಆ ಪರದೆ ನೋಡಿದವರಿಗೆ ಗೊತ್ತು. ಮೇಲೊಂದು ಪೆಟ್ಟಿಗೆ, ಕೆಳಗೊಂದು ಪೆಟ್ಟಿಗೆ, ಎರಡರಲ್ಲೂ ಪೈಪು, ಸಮಚಿಹ್ನೆ, ಆವರಣಗಳ ಗೋಡೆ. ಮೊಬೈಲಿನಲ್ಲಿ ಇದನ್ನು ಬೆರಳಲ್ಲಿ ಎಳೆದು ಜೋಡಿಸಬೇಕು. ಪಾಪ, ಆ ಮನುಷ್ಯ ಸಂಖ್ಯೆಯನ್ನು ಮೇಲಿನದರಿಂದ ತೆಗೆದುಕೊಂಡಿದ್ದರು, ಉಲ್ಲೇಖವನ್ನು ಕೆಳಗಿನದರಿಂದ. ಅಂದಾಜಿನ ಸಂಖ್ಯೆ, ಅದರ ಪಕ್ಕದಲ್ಲೇ ಗಣತಿ ವರದಿಯ ಉಲ್ಲೇಖ. ಜನಸಾಂದ್ರತೆ ಮಾತ್ರ ಗಣತಿ ಪ್ರಕಾರ ಚದರ ಕಿಲೋಮೀಟರಿಗೆ 10.3. ಸುಮಾರು 10.98 ಲಕ್ಷ ಚದರ ಕಿಲೋಮೀಟರಿನಿಂದ ಭಾಗಿಸಿದರೆ ಯಾರಿಗಾದರೂ ಗೊತ್ತಾಗುತ್ತದೆ, ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಸಂಬಂಧವೇ ಇಲ್ಲ ಅಂತ. ನಾನು ಭಾಗಿಸಲಿಲ್ಲ.

ಬೀಗ ಹಾಕಿದಾಗ ಪುಟದಲ್ಲಿರುವುದು ಯಾವಾಗಲೂ ತಪ್ಪು ಆವೃತ್ತಿಯೇ ಅಂತ ನಮ್ಮಲ್ಲಿ ಹಳೇ ತಮಾಷೆ ಇದೆ. ಈ ಸಲ ತಮಾಷೆ ಅಲ್ಲ, ನಿಜಕ್ಕೂ ತಪ್ಪು ಆವೃತ್ತಿ. ವಾಪಸ್ ಬಂದಾಗ ಚರ್ಚೆ ಪುಟದಲ್ಲಿ ಇಬ್ಬರೂ ಮೊದಲ ಬಾರಿಗೆ ಒಂದಾಗಿದ್ದರು, ನನ್ನ ವಿರುದ್ಧ. ಒಬ್ಬರು ಕೇಳಿದ್ದು: ರಾಜಧಾನಿ ಚರ್ಚೆಯಲ್ಲಿ ಪಾರ್ಟಿಯಾಗಿದ್ದ ನಿರ್ವಾಹಕ ಅದೇ ಪುಟಕ್ಕೆ ಬೀಗ ಹಾಕಬಹುದಾ? ಬೇರೆ ವಿಷಯ ಸ್ವಾಮಿ, ರಾಜಧಾನಿ ಬೇರೆ ಜನಸಂಖ್ಯೆ ಬೇರೆ, ಅಂತ ವಾದ ಮಾಡಿದೆ. ನಿಯಮ ಓದಿದರೆ ಇಬ್ಬರ ಕಡೆಯೂ ಎಳೆಯಬಹುದು. ಆದರೆ ಇನ್ನೊಬ್ಬ ನಿರ್ವಾಹಕರಿಗೆ ಒಂದು ಸಂದೇಶ ಹಾಕಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಹಾಕಲಿಲ್ಲ ಯಾಕಂದ್ರೆ, ಹೇಳೋಕೆ ನಾಚಿಕೆ, ಆ ಪುಟ ನನ್ನದು ಅನ್ನೋ ಭಾವನೆ ಬಂದುಬಿಟ್ಟಿತ್ತು.

ಕೊನೆಗೆ ಬೇರೊಬ್ಬರು ಬೀಗ ತೆಗೆದು, ಇನ್ಫೋಬಾಕ್ಸಿನ ಟೆಂಪ್ಲೇಟಿನಲ್ಲಿ (ಸಿದ್ಧ ಅಚ್ಚಿನಲ್ಲಿ) ಮೊದಲಿನಿಂದಲೂ ಇದ್ದ ಎರಡು ಸಾಲು ಬಳಸಿದರು. ಅಂದಾಜಿಗೆ ಒಂದು, ಗಣತಿಗೆ ಒಂದು, ಎರಡಕ್ಕೂ ಪಕ್ಕದಲ್ಲಿ ವರ್ಷ. ರಾಜಧಾನಿಗೆ ನಾನು ಮಾಡಿದ್ದೇ ಇದು! ಜನಸಂಖ್ಯೆಗೆ ಅದು ಹೊಳೆಯಲೇ ಇಲ್ಲ. ಹೊಸಬರಿಗೆ ಈಗ ನಾನು ಹೇಳೋದು ಇಷ್ಟೇ: ವರ್ಷ ಇಲ್ಲದ ಸಂಖ್ಯೆ ಕಂಡರೆ ಮೊದಲು ವರ್ಷ ಹುಡುಕಿ ಹಾಕಿ, ಆಮೇಲೆ ಸರಿ ತಪ್ಪು ನೋಡೋಣ. ಮತ್ತೆ ಡಿಫ್ ನೋಡದೆ ಬೀಗ ಮುಟ್ಟಬೇಡಿ. ಕಾನ್ಫ್ಲಿಕ್ಟ್ ಪರದೆ ಸರಿಮಾಡಿ ಅಂತ ಬಗ್ ಟ್ರ್ಯಾಕರಿನಲ್ಲಿ ಹಾಕಿದ ಟಿಕೆಟ್ ಮಾತ್ರ ಅಲ್ಲೇ ಧೂಳು ತಿನ್ನುತ್ತಿದೆ.

ಈಗ ಜಗಳ ತಲಾ ಆದಾಯಕ್ಕೆ ಬಂದಿದೆ. ನಾವು ಉಲ್ಲೇಖಿಸಿದ ಅಂತರರಾಷ್ಟ್ರೀಯ ವರದಿ ಹಳೇ ಅಂದಾಜು ಜನಸಂಖ್ಯೆಯಿಂದ ಭಾಗಿಸಿದೆ. ಒಬ್ಬರು ಹೊಸ ಗಣತಿಯಿಂದ ತಾವೇ ಭಾಗಿಸಿ ಹೆಚ್ಚಿನ ಸಂಖ್ಯೆ ಹಾಕಿದರು. ಲೆಕ್ಕ ಸರಿ ಇದೆ, ಆದರೆ ಯಾವ ವರದಿಯಲ್ಲೂ ಇಲ್ಲದ ಸಂಖ್ಯೆ, ಸ್ವಂತ ಸಂಶೋಧನೆ, ವಿಶ್ವಕೋಶದಲ್ಲಿ ನಡೆಯಲ್ಲ ಅಂತ ಇನ್ನೊಬ್ಬರು ತೆಗೆದರು. 'ಭಾಗಾಕಾರವೂ ಸಂಶೋಧನೆನಾ?' ಅಂತ ಚರ್ಚೆ ಪುಟದಲ್ಲಿ ನನ್ನನ್ನು ಪಿಂಗ್ ಮಾಡಿ ಕರೆದಿದ್ದಾರೆ. ಬೇರೆ ನಿರ್ವಾಹಕರನ್ನು ಕೇಳಿ ಅಂತ ಬರೆದೆ.